ನಂಬಿದ ಬಾಟಲಿಗೆ ಬೇಕಾದ ಎಚ್ಚರಿಕೆ

ಅಂಗಡಿಯಿಂದ ತಂದ ಪೊಟ್ಟಣವನ್ನು ನಮ್ಮ ಮನೆಗಳಲ್ಲಿ ತಿರುಗಿಸಿ ನೋಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಹಸಿರು ಚುಕ್ಕೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಮತ್ತು ತಾರೀಖು ಮುಗಿದಿಲ್ಲ ತಾನೇ ಎಂದು ನೋಡಲು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನ್ನ ಅತ್ತೆಯವರು ಹಸಿರು ಚುಕ್ಕೆಯನ್ನು ಕನ್ನಡಕ ಇಲ್ಲದೆಯೇ ಗುರುತಿಸುತ್ತಾರೆ. ಆ ಚುಕ್ಕೆಯನ್ನು ತಿಳಿಯಲು ಭಾಷೆಯೂ ಬೇಡ, ಲೆಕ್ಕವೂ ಬೇಡ. ಅದೇ ಪೊಟ್ಟಣದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯಬೇಕಾದರೆ ಹಿಂಬದಿಯ ಕೋಷ್ಟಕವನ್ನು ಹುಡುಕಬೇಕು, ಅದರ ಇಂಗ್ಲಿಷನ್ನು ಓದಬೇಕು, 100 ಮಿಲಿಲೀಟರಿಗೆ ಕೊಟ್ಟಿರುವ ಅಂಕಿಯನ್ನು ಬಾಟಲಿಯ ಅಳತೆಗೆ ಗುಣಿಸಬೇಕು, ಬಂದ ಗ್ರಾಮುಗಳನ್ನು ಚಮಚದ ಲೆಕ್ಕಕ್ಕೆ ಇಳಿಸಬೇಕು. ಪಕ್ಕದಲ್ಲಿ ಕೈ ಜಗ್ಗುತ್ತಿರುವ ಮಗುವನ್ನಿಟ್ಟುಕೊಂಡು ಇಷ್ಟನ್ನೂ ಮಾಡುವ ತಂದೆ ತಾಯಿಗಳನ್ನು ನಾನಂತೂ ನೋಡಿಲ್ಲ.

ಸಿಹಿ ಪಾನೀಯಗಳ ಮುಂಬದಿಯಲ್ಲಿಯೇ ಎಚ್ಚರಿಕೆಯ ಗುರುತು ಇರಬೇಕೆಂಬ ಚರ್ಚೆ ಹತ್ತಾರು ದೇಶಗಳಲ್ಲಿ ನಡೆದಿದೆ, ನಮ್ಮಲ್ಲಿಯೂ ನಡೆಯುತ್ತಿದೆ. ಶಾಲೆಯ ಗೇಟಿನ ಬಳಿ ಮಕ್ಕಳಿಗಾಗಿ ಕಾಯುತ್ತಾ ನಿಂತವರಲ್ಲಿ ಈ ಮಾತು ತೆಗೆದರೆ ವಿರೋಧಿಸುವವರು ಸಿಗುವುದಿಲ್ಲ. "ಹಾಕಲಿ ಬಿಡಿ, ಒಳ್ಳೇದೇ ಆಯ್ತು" ಎನ್ನುತ್ತಾರೆ. ಆದರೆ ಯಾವುದರ ಮೇಲೆ ಹಾಕಬೇಕು ಎಂದು ಮುಂದುವರಿಸಿ ಕೇಳಿದರೆ ಎಲ್ಲರ ಬೆರಳೂ ಕಪ್ಪು ಕೋಲಾದತ್ತ ತಿರುಗುತ್ತದೆ. ಮಾವಿನ ಹಣ್ಣಿನ ಚಿತ್ರವಿರುವ ಹತ್ತು ರೂಪಾಯಿಯ ಟೆಟ್ರಾ ಪ್ಯಾಕನ್ನಾಗಲೀ, ಬೆಳಗಿನ ಹಾಲಿಗೆ ಬೆರೆಸುವ ಕಂದು ಪುಡಿಯನ್ನಾಗಲೀ, ಜ್ವರ ಬಂದಾಗ ಔಷಧಿ ಅಂಗಡಿಯಿಂದ ತರುವ ಕಿತ್ತಳೆ ಬಣ್ಣದ ಪಾನೀಯವನ್ನಾಗಲೀ ಯಾರೂ ಹೆಸರಿಸುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಕೋಲಾ ಒಳ್ಳೆಯದಲ್ಲವೆಂಬುದು ಪ್ರತಿ ತಾಯಿಗೂ ಗೊತ್ತು, ಆದ್ದರಿಂದ ಅದರ ಮೇಲಿನ ಎಚ್ಚರಿಕೆ ಅವಳಿಗೆ ಗೊತ್ತಿದ್ದದ್ದನ್ನೇ ಹೇಳುತ್ತದೆ. ಅವಳು ಒಳ್ಳೆಯದೆಂದು ನಂಬಿ ಕೈಯಾರೆ ಕುಡಿಸುವುದರ ಮೇಲೆ ಎಚ್ಚರಿಕೆ ಬಂದಾಗಲಷ್ಟೇ ಅದು ಅವಳಿಗೆ ಹೊಸ ಸುದ್ದಿ.

ಇದು ನಮ್ಮವರದ್ದೇ ವಿಶೇಷವೇನೂ ಅಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಹಿಂದಿನ ಒಂದು ತಿಂಗಳಲ್ಲಿ ಮಕ್ಕಳಿಗೆ ಯಾವುದಾದರೂ ಸಕ್ಕರೆ ಪಾನೀಯವನ್ನು ಕೊಟ್ಟಿದ್ದಾಗಿ ಶೇ 96ರಷ್ಟು ಪೋಷಕರು ಒಪ್ಪಿಕೊಂಡಿದ್ದರು. ಅದೇ ಜನ ಹಣ್ಣಿನ ಪಾನೀಯ, ಕ್ರೀಡಾ ಪಾನೀಯ, ಸುವಾಸನೆ ಬೆರೆಸಿದ ನೀರು ಇವುಗಳನ್ನು ಮಕ್ಕಳಿಗೆ ತಕ್ಕಮಟ್ಟಿಗೆ ಆರೋಗ್ಯಕರವೆಂದೇ ಭಾವಿಸಿದ್ದರು. ಅದೇ ವರ್ಷ ಅಲ್ಲಿನ ಸಂಶೋಧಕಿ ಕ್ರಿಸ್ಟಿನಾ ರಾಬರ್ಟೋ ಮತ್ತು ಸಂಗಡಿಗರು 6ರಿಂದ 11 ವರ್ಷದ ಮಕ್ಕಳಿರುವ 2,381 ಪೋಷಕರ ಮುಂದೆ ಕಂಪ್ಯೂಟರ್ ಪರದೆಯ ಮೇಲೆ ಪಾನೀಯಗಳನ್ನು ಇಟ್ಟು, ನಿಮ್ಮ ಮಗುವಿಗೆ ಒಂದನ್ನು ಆರಿಸಿ ಎಂದರು. ಯಾವ ಚೀಟಿಯೂ ಇಲ್ಲದ ಬಾಟಲಿಗಳನ್ನು ಕಂಡವರಲ್ಲಿ ಶೇ 60ರಷ್ಟು ಜನ ಸಕ್ಕರೆ ಪಾನೀಯವನ್ನು ಆರಿಸಿದರು, ಬರೀ ಕ್ಯಾಲೊರಿಯ ಅಂಕಿಯನ್ನು ಕಂಡವರಲ್ಲಿ ಶೇ 53ರಷ್ಟು. ಬೊಜ್ಜು, ಮಧುಮೇಹ ಮತ್ತು ಹಲ್ಲು ಹುಳುಕಿಗೆ ಇದು ಕಾರಣವಾಗುತ್ತದೆ ಎಂಬ ಮಾತನ್ನು ಕಂಡವರಲ್ಲಿ ಮಾತ್ರ ಆ ಪ್ರಮಾಣ ಶೇ 40ಕ್ಕೆ ಇಳಿಯಿತು. ಅಂಕಿಯಿಂದ ಆಗದ ಕೆಲಸ ರೋಗಗಳ ಹೆಸರಿನಿಂದ ಆಯಿತೆಂಬುದನ್ನು ಗಮನಿಸಬೇಕು. ಇಂಥ ಎಚ್ಚರಿಕೆ ಕಡ್ಡಾಯವಾಗಲಿ ಎಂದವರು ಅವರಲ್ಲಿ ಸುಮಾರು ಮುಕ್ಕಾಲು ಪಾಲು.

ಪರದೆಯ ಮೇಲೆ ಆರಿಸುವುದಕ್ಕೂ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಅಂತರವಿದೆಯೆಂಬ ಆಕ್ಷೇಪ ಸಹಜವೇ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಆ ಆಕ್ಷೇಪಕ್ಕೆ ಉತ್ತರವಾಗಿ ಪುಟ್ಟದೊಂದು ಅಂಗಡಿಯನ್ನೇ ಕಟ್ಟಿ, ಮಗುವಿಗೊಂದು ಪಾನೀಯ, ಒಂದು ತಿಂಡಿ ಮತ್ತು ಮನೆಗೊಂದು ವಸ್ತುವನ್ನು ಆರಿಸಿಕೊಳ್ಳುವಂತೆ 325 ಪೋಷಕರಿಗೆ ಹೇಳಿದರು. ನಿಜವಾದ ಉದ್ದೇಶವನ್ನು ಮುಚ್ಚಿಡಲಾಗಿತ್ತು. ರೋಗದ ಚಿತ್ರಸಹಿತ ಎಚ್ಚರಿಕೆ ಇಲ್ಲದ ಬಾಟಲಿಗಳನ್ನು ಕಂಡವರಲ್ಲಿ ಶೇ 45ರಷ್ಟು ಜನ ಸಕ್ಕರೆ ಪಾನೀಯ ಕೊಂಡರೆ, ಚಿತ್ರಗಳನ್ನು ಕಂಡವರಲ್ಲಿ ಶೇ 28ರಷ್ಟು ಮಾತ್ರ ಕೊಂಡರು. 2022ರಲ್ಲಿ ಪ್ರಕಟವಾದ ಈ ವರದಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಸಂಗತಿ: ಚಿತ್ರಗಳನ್ನು ಕಂಡ ಪೋಷಕರಿಗೆ ಮಗುವಿನ ಆಹಾರದ ನಿರ್ಧಾರ ತಮ್ಮ ಹಿಡಿತದಲ್ಲಿದೆ ಎಂಬ ಭಾವನೆ ಹೆಚ್ಚಿತ್ತು. ಎಚ್ಚರಿಕೆಯ ಚೀಟಿ ತಂದೆ ತಾಯಿಯರನ್ನು ದೂಷಿಸುತ್ತದೆ, ಅವರ ಆಯ್ಕೆಯನ್ನು ಕಸಿಯುತ್ತದೆ ಎಂದು ಕಂಪನಿಗಳ ಪರವಾಗಿ ಮಾತಾಡುವವರು ಹೇಳುವುದಕ್ಕೆ ಇದು ನೇರ ವಿರುದ್ಧ. ಮಗುವಿಗೆ ಬೇಡ ಎನ್ನುವುದು ಎಷ್ಟು ದಣಿಸುವ ಕೆಲಸವೆಂದು ಬಲ್ಲವರಿಗೆ ಈ ಫಲಿತಾಂಶ ಅಚ್ಚರಿ ತರುವುದಿಲ್ಲ. ಬೇಡ ಎಂದು ಬಾಟಲಿಯೇ ಹೇಳಿದರೆ ಅಮ್ಮ ಕೆಟ್ಟವಳಾಗಬೇಕಿಲ್ಲ.

ಈ ಮಾತಿಗೆ ಅತಿ ದೊಡ್ಡ ಪುರಾವೆ ಚಿಲಿ ದೇಶ. ಸೆನೆಟರ್ ಗೀಡೋ ಗಿರಾರ್ದಿ ವರ್ಷಗಟ್ಟಲೆ ಹಟ ಹಿಡಿದು ತಂದ ಕಾನೂನು 2016ರ ಜೂನ್‌ನಲ್ಲಿ ಜಾರಿಗೆ ಬಂದಾಗ, ಮಿತಿ ಮೀರಿ ಸಕ್ಕರೆ ಬೆರೆಸಿದ ಪ್ರತಿ ಪೊಟ್ಟಣದ ಮುಂಬದಿಯಲ್ಲಿಯೂ 'ಸಕ್ಕರೆ ಹೆಚ್ಚು' ಎಂಬ ಕಪ್ಪು ಎಂಟುಮೂಲೆಯ ಮುದ್ರೆ ಬಂತು. ಪಾನೀಯಗಳಿಗೆ ಮೊದಲು 100 ಮಿಲಿಲೀಟರಿಗೆ 6 ಗ್ರಾಂ ಇದ್ದ ಮಿತಿಯನ್ನು ಮುಂದೆ 5 ಗ್ರಾಮಿಗೆ ಇಳಿಸಲಾಯಿತು. ನಮ್ಮ ಅಂಗಡಿಗಳ ಕೋಲಾದಲ್ಲಿ ಇರುವುದು 10 ಗ್ರಾಮಿಗೂ ಮೇಲೆ ಎಂಬುದನ್ನು ನೆನೆದರೆ ಆ ಮಿತಿ ಎಷ್ಟು ಬಿಗಿಯೆಂದು ತಿಳಿಯುತ್ತದೆ. ಮುದ್ರೆಯಿರುವ ಪದಾರ್ಥವನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳನ್ನು ಸೆಳೆಯುವ ಗೊಂಬೆಚಿತ್ರಗಳನ್ನು ಅದರ ಮೇಲೆ ಬಳಸುವಂತಿಲ್ಲ. ಜಗತ್ತಿನ ಮಕ್ಕಳಿಗೆಲ್ಲ ಪರಿಚಿತನಾದ, ಕೆಲಾಗ್ಸ್ ಧಾನ್ಯದ ಡಬ್ಬಿಯ ಮೇಲಿನ ಹುಲಿರಾಯ ಟೋನಿಯೂ ಅಲ್ಲಿ ಜಾಗ ಖಾಲಿ ಮಾಡಬೇಕಾಯಿತು. ಮೊದಲ ಹಂತದ ಮೌಲ್ಯಮಾಪನದ ಪ್ರಕಾರ ಮುದ್ರೆ ಬೀಳುವಂಥ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಕಡಿಮೆಯಾಗಿತ್ತು.

ಆದರೆ ಅಂಕಿಗಿಂತ ಅಲ್ಲಿನ ತಾಯಂದಿರ ಮಾತು ಹೆಚ್ಚು ತಿಳಿಸುತ್ತದೆ. ಕಾನೂನು ಬಂದು ಒಂದು ವರ್ಷದ ಮೇಲೆ 2ರಿಂದ 14 ವರ್ಷದ ಮಕ್ಕಳ ತಾಯಂದಿರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಮಾತಾಡಿಸಿದ ಸಂಶೋಧಕರಿಗೆ ಹಲವು ಬಗೆಯ ಉತ್ತರಗಳು ಸಿಕ್ಕವು. ಮುದ್ರೆಯನ್ನು ನೋಡಿಯೇ ಕೊಳ್ಳುತ್ತೇನೆ ಎಂದವರಿದ್ದರು, ಹೊಸ ಪದಾರ್ಥವಾದರೆ ಮಾತ್ರ ನೋಡುತ್ತೇನೆ ಎಂದವರಿದ್ದರು, ನೋಡುವುದೇ ಇಲ್ಲ ಎಂದವರೂ ಇದ್ದರು. ಅನೇಕ ಮನೆಗಳಲ್ಲಿ ಬದಲಾವಣೆಯನ್ನು ತಂದವರು ಚಿಕ್ಕ ಮಕ್ಕಳು. ಮುದ್ರೆಯಿರುವುದನ್ನು ಡಬ್ಬಿಗೆ ಹಾಕಬೇಡ, ಟೀಚರ್ ಒಪ್ಪುವುದಿಲ್ಲ ಎಂದು ಅವರೇ ಅಮ್ಮಂದಿರಿಗೆ ಹೇಳುತ್ತಿದ್ದರು; ಹದಿಹರೆಯದವರು ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಹೇಳಿದ್ದಕ್ಕೆಲ್ಲ ಎದುರು ವಾದಿಸುವ ಮಗು ಮಿಸ್ ಹೇಳಿದ್ದನ್ನು ವೇದವಾಕ್ಯವೆಂದು ಪಾಲಿಸುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿಯೂ 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ 'ಶುಗರ್ ಬೋರ್ಡ್' ಹಾಕಬೇಕೆಂದು ಸೂಚಿಸಿತು. ಯಾವ ತಿನಿಸಿನಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆ ಎಂದು ಮಕ್ಕಳಿಗೆ ತೋರಿಸುವ ಫಲಕ ಅದು. ಒಳ್ಳೆಯ ಯೋಚನೆ. ಆದರೆ ಫಲಕವಿರುವುದು ಶಾಲೆಯ ಗೋಡೆಯ ಮೇಲೆ, ಬಾಟಲಿಯಿರುವುದು ಗೇಟಿನ ಆಚೆಯ ಅಂಗಡಿಯಲ್ಲಿ.

ಚಿಲಿಯ ಕಥೆಗೆ ಒಂದು ಬಾಲವೂ ಇದೆ. ಮುದ್ರೆಯಿಂದ ತಪ್ಪಿಸಿಕೊಳ್ಳಲು ತಯಾರಕರು ಸಕ್ಕರೆಯನ್ನು ಇಳಿಸಿ ಅದರ ಜಾಗಕ್ಕೆ ಕೃತಕ ಸಿಹಿಕಾರಕಗಳನ್ನು ತಂದರು. ಮುದ್ರೆ ಹೋಯಿತು, ಸಿಹಿ ಉಳಿಯಿತು, ಮಕ್ಕಳ ನಾಲಿಗೆಯ ರೂಢಿಯೂ ಹಾಗೆಯೇ ಉಳಿಯಿತು. 2020ರಲ್ಲಿ ಇಂಥದೇ ಕಾನೂನು ತಂದ ಮೆಕ್ಸಿಕೊ ಇದನ್ನು ಗಮನಿಸಿ, ಸಿಹಿಕಾರಕಗಳಿರುವ ಪೊಟ್ಟಣದ ಮೇಲೆ ಮಕ್ಕಳಿಗೆ ಇದು ಸೂಕ್ತವಲ್ಲ ಎಂಬ ಬೇರೊಂದು ಸಾಲನ್ನೂ ಕಡ್ಡಾಯ ಮಾಡಿತು.

ನಮ್ಮ ದೇಶದಲ್ಲಿ ಸಿಹಿ ಪಾನೀಯದ ಮೇಲೆ ಎಚ್ಚರಿಕೆಯೇ ಇಲ್ಲ ಎನ್ನುವಂತಿಲ್ಲ. ನಮ್ಮ ಬೀದಿಯ ಪ್ರಾವಿಷನ್ ಸ್ಟೋರಿನ ಫ್ರಿಜ್ಜಿನಲ್ಲಿ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್ ಮಕ್ಕಳ ಕೈಗೆಟುಕುವ ಕೆಳಗಿನ ಸಾಲಿನಲ್ಲಿರುತ್ತದೆ. ಕೆಫೀನ್ ಬೆರೆಸಿದ ಇಂಥ ಪಾನೀಯವನ್ನು ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ಶಿಫಾರಸು ಮಾಡುವುದಿಲ್ಲ ಎಂದು ಬಾಟಲಿಯ ಮೇಲೆ ಮುದ್ರಿಸುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ. ಮುದ್ರಿಸಿಯೂ ಇದ್ದಾರೆ: ಹಿಂಬದಿಯಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಬಾಟಲಿ ಬೆವೆತರೆ ಬೆರಳಿನಿಂದ ಒರೆಸಿ ಓದಬೇಕಾದ ಜಾಗದಲ್ಲಿ. ಸಮವಸ್ತ್ರ ತೊಟ್ಟ ಹುಡುಗನೊಬ್ಬ ಅದನ್ನು ಕೊಳ್ಳುತ್ತಿದ್ದಾಗ ನಾನು ಆ ಸಾಲನ್ನು ಅಂಗಡಿಯವರಿಗೆ ತೋರಿಸಿದೆ. "ಅಯ್ಯೋ ಮೇಡಂ, ಎಲ್ಲಾ ಮಕ್ಕಳೂ ಕುಡೀತಾವೆ, ಏನೂ ಆಗಲ್ಲ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಇಷ್ಟು ವರ್ಷ ಮಾರಿದವರಿಗೆ ಆ ಸಾಲು ಅಲ್ಲಿದೆಯೆಂದೇ ಗೊತ್ತಿರಲಿಲ್ಲ.

ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಒಆರ್‌ಎಸ್ ಪ್ರಕರಣ. ವಾಂತಿ ಭೇದಿಯಿಂದ ಬಳಲುವ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದ್ರಾವಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಲವಣಗಳೊಂದಿಗೆ ಆ ಅಳತೆ ಸರಿಯಾಗಿದ್ದಾಗಲೇ ಕರುಳು ನೀರನ್ನು ಹೀರಿಕೊಳ್ಳುತ್ತದೆ, ಸಕ್ಕರೆ ಹೆಚ್ಚಾದರೆ ನೀರು ಕರುಳಿನೊಳಕ್ಕೆ ಇಳಿದು ಭೇದಿ ಇನ್ನಷ್ಟು ಜೋರಾಗುತ್ತದೆ. ಹೀಗಿರುವಾಗ ಇದರ ಹಲವು ಪಟ್ಟು ಸಕ್ಕರೆಯಿರುವ ಟೆಟ್ರಾ ಪ್ಯಾಕ್ ಪಾನೀಯಗಳು ಹೆಸರಿನಲ್ಲಿ ಒಆರ್‌ಎಸ್ ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಔಷಧಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು. ಪ್ರಾಧಿಕಾರ 2022ರ ಏಪ್ರಿಲ್‌ನಲ್ಲಿ ಇದನ್ನು ತಡೆದು, ಕೆಲವೇ ತಿಂಗಳಲ್ಲಿ ಸಡಿಲಿಸಿತು; ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಇದಲ್ಲ ಎಂಬ ಸಾಲನ್ನು ಪೊಟ್ಟಣದ ಮೇಲೆ ಹಾಕಿದರೆ ಸಾಕು ಎಂದಿತು. ದೊಡ್ಡಕ್ಷರದಲ್ಲಿ ಹೌದು, ಸಣ್ಣಕ್ಷರದಲ್ಲಿ ಅಲ್ಲ. ನಡುರಾತ್ರಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಔಷಧಿ ಅಂಗಡಿಗೆ ಬಂದ ತಂದೆ ಇವೆರಡರಲ್ಲಿ ಯಾವುದನ್ನು ಓದುತ್ತಾನೆಂದು ಕೇಳುವುದೇ ಬೇಡ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಸುಮಾರು ಎಂಟು ವರ್ಷ ಬೆನ್ನು ಹತ್ತಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಎಚ್ಚರಿಕೆಯ ಸಾಲೊಂದು ಮಾರುವವನ ರಕ್ಷಣೆಗೆ ನಿಲ್ಲಬಲ್ಲದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯನ್ನು ನಾನು ಕಂಡಿಲ್ಲ.

ಹಾಲಿಗೆ ಬೆರೆಸುವ ಪುಡಿಗಳ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 2023ರ ಏಪ್ರಿಲ್‌ನಲ್ಲಿ, ಪೊಟ್ಟಣದ ಆಹಾರಗಳ ಬಗ್ಗೆ ಜಾಲತಾಣಗಳಲ್ಲಿ ವಿಡಿಯೊ ಮಾಡುವ ರೇವಂತ್ ಹಿಮತ್‌ಸಿಂಗ್ಕಾ ಬೋರ್ನ್‌ವಿಟಾದ ಸಕ್ಕರೆಯ ಬಗ್ಗೆ ಮಾಡಿದ ವಿಡಿಯೊ ಲಕ್ಷಾಂತರ ಮನೆಗಳನ್ನು ತಲುಪಿತು. ಕಂಪನಿಯ ನೋಟಿಸಿನ ನಂತರ ಅವರು ಅದನ್ನು ತೆಗೆದರಾದರೂ, ವರ್ಷದ ಕೊನೆಗೆ 100 ಗ್ರಾಂ ಪುಡಿಯಲ್ಲಿ 37.4 ಗ್ರಾಂ ಇದ್ದ ಬೆರೆಸಿದ ಸಕ್ಕರೆ 32.2 ಗ್ರಾಮಿಗೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯುವಂತೆ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಇಳಿದ ಮೇಲೂ ಡಬ್ಬಿಯ ಸುಮಾರು ಮೂರನೆಯ ಒಂದು ಭಾಗ ಸಕ್ಕರೆಯೇ, ಅದರ ಮೇಲೆ ಹಾಲಿಗೆ ಬೇರೆ ಒಂದು ಚಮಚ ಸಕ್ಕರೆ ಹಾಕದ ಮನೆಗಳು ಕಡಿಮೆ. ಆ ದಿನಗಳಲ್ಲಿ ನನ್ನ ಪರಿಚಯದ ತಾಯಂದಿರಿಗೆ ಬಂದ ಸಿಟ್ಟು ಕೋಲಾದ ಮೇಲೆ ಎಂದೂ ಬಂದದ್ದಲ್ಲ. ನಂಬಿಸಿದರಲ್ಲ ಎಂಬ ಸಿಟ್ಟು ಅದು. ಬೆಳೆಯುವ ಮಗುವಿಗೆ ಶಕ್ತಿ ಬರಲೆಂದು ಸಂಬಳದಲ್ಲಿ ಎತ್ತಿಟ್ಟು ಕೊಂಡದ್ದರ ಬಗ್ಗೆ ಬಂದ ಸಿಟ್ಟು.

ಇಷ್ಟೆಲ್ಲ ಆದರೂ ಮುಂಬದಿಯ ಗುರುತು ಹೇಗಿರಬೇಕೆಂಬುದು ನಮ್ಮಲ್ಲಿ ವರ್ಷಗಳಿಂದ ಎಳೆದಾಟದ ವಿಷಯ. ಪ್ರಾಧಿಕಾರ 2022ರಲ್ಲಿ ಮುಂದಿಟ್ಟ ಕರಡು ನಕ್ಷತ್ರಗಳ ಪದ್ಧತಿಯದು: ಅರ್ಧ ನಕ್ಷತ್ರದಿಂದ ಐದರವರೆಗೆ ಅಂಕ ಕೊಡುವುದು, ಸಕ್ಕರೆಗೆ ಅಂಕ ಕಳೆದರೆ ಹಣ್ಣು, ಕಾಳು, ಪ್ರೋಟೀನಿಗೆ ಕೂಡುವುದು. ಗ್ರಾಹಕ ಸಂಘಟನೆಗಳು ಇದನ್ನು ವಿರೋಧಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಸಕ್ಕರೆಯ ಪಾಪವನ್ನು ಪ್ರೋಟೀನಿನ ಪುಣ್ಯದಿಂದ ತೊಳೆಯಲು ಬಿಟ್ಟರೆ, ನಂಬಿ ಕೊಳ್ಳುವ ಪದಾರ್ಥಗಳೇ ಮೊದಲು ನಕ್ಷತ್ರ ಗಳಿಸುತ್ತವೆ, ಎರಡು ನಕ್ಷತ್ರವೂ ನೋಡುವವರ ಕಣ್ಣಿಗೆ ಬಹುಮಾನದಂತೆಯೇ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸುಗಳನ್ನು ಸಿದ್ಧಪಡಿಸುವಂತೆ ಹೇಳಿತು. ಆ ಗಡುವು ಮುಂದಕ್ಕೆ ಹೋಯಿತು. ನ್ಯಾಯಾಲಯಗಳ ದಾರಿ ಎಲ್ಲ ಕಡೆಯೂ ಡೊಂಕೇ. ಸ್ಯಾನ್ ಫ್ರಾನ್ಸಿಸ್ಕೊ ನಗರ ತಂಪು ಪಾನೀಯದ ಜಾಹೀರಾತುಗಳ ಮೇಲೆ ಎಚ್ಚರಿಕೆ ಹಾಕಿಸಲು 2015ರಲ್ಲಿ ಮಾಡಿದ ನಿಯಮವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತಡೆಯಿತು. ತಂಬಾಕು ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂಬ ನಿಯಮವನ್ನು 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದ್ದು ನಮ್ಮದೇ ಕರ್ನಾಟಕ ಹೈಕೋರ್ಟ್. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟದ್ದರಿಂದ ಇಂದಿಗೂ ಪೊಟ್ಟಣಗಳ ಮೇಲೆ ಆ ಚಿತ್ರಗಳಿವೆ.

ತಂದೆ ತಾಯಿಯರ ಕಡೆಯಿಂದ ಬರುವ ಎರಡು ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ನಾವೇ ಮಾಡುವ ನಿಂಬೆ ಶರಬತ್ತಿಗೆ, ಹಬ್ಬದ ಪಾನಕಕ್ಕೆ ಯಾವ ಚೀಟಿ ಎಂದು ಕೇಳುವವರಿದ್ದಾರೆ. ಒಂದು ಲೋಟ ಶರಬತ್ತಿಗೆ ಎರಡು ಚಮಚ ಸಕ್ಕರೆ ಎಂದರೂ ಹತ್ತು ಗ್ರಾಂ, ಅಷ್ಟೇ ಅಳತೆಯ ಕೋಲಾದಲ್ಲಿ ಅದರ ಎರಡರಷ್ಟು. ಅದಕ್ಕಿಂತ ಮುಖ್ಯವಾಗಿ, ಶರಬತ್ತು ಮಾಡುವಾಗ ಚಮಚ ನಮ್ಮ ಕೈಯಲ್ಲಿರುತ್ತದೆ, ಎಷ್ಟು ಹಾಕಿದೆವೆಂದು ನಮಗೆ ಗೊತ್ತಿರುತ್ತದೆ. ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆ ಸಂಜೆ ಮರಳುವಾಗ ಮಗನಿಗೆಂದು ಆ ಹತ್ತು ರೂಪಾಯಿಯ ಮಾವಿನ ಪ್ಯಾಕೆಟ್ಟನ್ನೇ ಒಯ್ಯುತ್ತಾಳೆ. "ಹಣ್ಣು ಕೊಡಿಸೋಕಾಗಲ್ಲ ಅಕ್ಕಾ, ಇದಾದ್ರೂ ಕುಡೀಲಿ" ಎಂದಳೊಮ್ಮೆ. ಕಪ್ಪು ಮುದ್ರೆ ಅವಳಿಗೆ ಸತ್ಯವನ್ನು ಹೇಳುತ್ತದೆ, ನಿಜ. ಹತ್ತು ರೂಪಾಯಿಗೆ ಮಗುವನ್ನು ನಗಿಸುವ ಬೇರೊಂದನ್ನು ಅದು ಕೊಡುವುದಿಲ್ಲ. ಹಾಗೆಂದು ಸತ್ಯವನ್ನು ಮುಚ್ಚಿಡುವುದು ಅವಳಿಗೆ ಮಾಡುವ ಉಪಕಾರವೂ ಅಲ್ಲ, ಏಕೆಂದರೆ ಹಣ್ಣಿನ ಬದಲಿಗೆ ಹಣ್ಣನ್ನೇ ಕೊಡುತ್ತಿದ್ದೇನೆಂಬ ನಂಬಿಕೆಯಿಂದ ಅವಳು ಆ ದುಡ್ಡನ್ನು ಕೊಡುತ್ತಿದ್ದಾಳೆ. ಹಣ್ಣಿನ ಪಾನೀಯವೆಂದು ಕರೆಸಿಕೊಳ್ಳಲು ಶೇ 10ರಷ್ಟು ಹಣ್ಣಿನ ರಸವಿದ್ದರೆ ಸಾಕೆಂದು ನಿಯಮವೇ ಹೇಳುತ್ತದೆ. ಸಕ್ಕರೆಯಲ್ಲಿ ಅದು ಕೋಲಾಕ್ಕೆ ಸರಿಸಾಟಿ, ಕೆಲವೊಮ್ಮೆ ಒಂದು ಕೈ ಮೇಲೆ.

ಆಕೆಗೆ ಕನ್ನಡ ಓದಲು ಬರುತ್ತದೆ. ಆದರೆ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ಮುಂದೆ ಬರಲಿರುವ ಗುರುತು ಹಸಿರು ಚುಕ್ಕೆಯಂತೆ ಅಕ್ಷರವಿಲ್ಲದೆಯೂ ತಿಳಿಯುವಂತಿರಬೇಕು, ಅಕ್ಷರ ಬೇಕೇ ಬೇಕೆಂದಾದರೆ ಆಯಾ ರಾಜ್ಯದ ಭಾಷೆಯಲ್ಲಿಯೂ ಇರಬೇಕು ಎಂದು ನಾವು ಕೇಳಬೇಕಾಗಿದೆ.

ಗುರುತು ಬಂದಿತೆಂದು ಸಂಭ್ರಮಿಸುವ ಮೊದಲು ನಾನು ನೋಡಲಿರುವುದು ಅದರ ಹಿಂದಿನ ಅಳತೆಯನ್ನು. ಹಾಲಿಗೆ ಬೆರೆಸುವ ಪುಡಿಯ ಸಕ್ಕರೆಯನ್ನು ಡಬ್ಬಿಯಲ್ಲಿರುವಂತೆ ಅಳೆಯುತ್ತಾರೋ, ಒಂದು ಲೋಟ ಹಾಲಿನಲ್ಲಿ ಕರಗಿದ ಮೇಲೆ ಅಳೆಯುತ್ತಾರೋ? ಎರಡನೆಯ ಲೆಕ್ಕದಲ್ಲಿ ಅದೇ ಪುಡಿ ಸುಲಭವಾಗಿ ಪಾರಾಗಬಹುದು. ಮಾವಿನ ಪಾನೀಯವನ್ನು ಕೋಲಾದ ಸಾಲಿಗೆ ಸೇರಿಸುತ್ತಾರೋ, ಹಣ್ಣಿನ ಸಾಲಿಗೋ? ತೆರಿಗೆಯವರು ಈ ಪ್ರಶ್ನೆಯನ್ನು ಈಗಾಗಲೇ ತೀರ್ಮಾನಿಸಿಬಿಟ್ಟಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಗುಳ್ಳೆ ಬರುವ ಸಿಹಿ ಪಾನೀಯಗಳಿಗೆ ಶೇ 40ರಷ್ಟು ಜಿಎಸ್‌ಟಿ ಇದೆ. ಗುಳ್ಳೆಯಿಲ್ಲದ ಹಣ್ಣಿನ ರಸದ ಪಾನೀಯಗಳಿಗೆ ಇದ್ದ ಶೇ 12ನ್ನು ಶೇ 5ಕ್ಕೆ ಇಳಿಸಲಾಗಿದೆ. ಸಕ್ಕರೆಯನ್ನು ಎಣಿಸದೆ ಗುಳ್ಳೆಗಳನ್ನು ಎಣಿಸಿದ ಈ ಪಟ್ಟಿಯನ್ನೇ ಎಚ್ಚರಿಕೆಯ ಗುರುತಿಗೂ ಆಧಾರ ಮಾಡಿಕೊಂಡರೆ, ಮುದ್ರೆ ಬೀಳುವುದು ಮತ್ತೆ ಕೋಲಾದ ಮೇಲೆಯೇ.